ನೋವು ಹೋಯಿತು, ಕೈ ಎತ್ತಬಹುದೇ?

ಮಕ್ಕಳೇ, ಒಂದು ಕೈಯನ್ನು ಮೇಲೆತ್ತಿ ಸುತ್ತಲೂ ತಿರುಗಿಸಿ ನೋಡಿ. ನಿಮ್ಮ ಮೊಣಕೈಯನ್ನು ಹೀಗೆ ತಿರುಗಿಸಲು ಸಾಧ್ಯವೇ? ಇಲ್ಲ. ಅದು ಬಾಗಿಲಿನಂತೆ ಮಡಚುತ್ತದೆ, ಅಷ್ಟೆ. ಭುಜದಲ್ಲಿರುವುದು ಚೆಂಡು ಮತ್ತು ಗುಳಿ ಕೀಲು. ತೋಳಿನ ಮೂಳೆಯ ತುದಿ ಚೆಂಡಿನಂತಿದೆ. ಅದು ಕುಳಿತಿರುವ ಗುಳಿಗೆ ಹೆಚ್ಚು ಆಳವಿಲ್ಲ. ಚೆಂಡು ಜಾರದಂತೆ ನಾಲ್ಕು ಸ್ನಾಯುಗಳು ಸುತ್ತಲೂ ಹಿಡಿದಿರುತ್ತವೆ. ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಪಟ್ಟಿಯೇ ಸ್ನಾಯುರಜ್ಜು.

ವಯಸ್ಸಾದಂತೆ ಸವೆದು ಅಥವಾ ಬಿದ್ದು ಪೆಟ್ಟಾದಾಗ ಈ ರಜ್ಜು ಹರಿಯಬಹುದು. ಆಗ ಕೈ ಎತ್ತುವುದೇ ಕಷ್ಟ. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ವೈದ್ಯರು ಹರಿದ ತುದಿಯನ್ನು ದಾರದಿಂದ ಮೂಳೆಗೆ ಬಿಗಿಯುತ್ತಾರೆ.

ಹಾಗಾದರೆ ರಜ್ಜು ಮೂಳೆಗೆ ಕೂಡಿಕೊಂಡಿತೇ? ಇನ್ನೂ ಇಲ್ಲ! ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ನೋಡಿದ್ದೀರಾ? ಸುತ್ತಿದ ಪಟ್ಟಿ ಕೊಂಬೆಯನ್ನು ಹಿಡಿದಿರುತ್ತದೆ. ಬೆಸೆಯುವ ಕೆಲಸ ಗಿಡದ್ದು. ಇಲ್ಲಿಯೂ ಹಾಗೆಯೇ. ದಾರ ಹಿಡಿದಿರುತ್ತದೆ, ಬೆಸೆಯುವುದು ದೇಹ.

ಮೊದಲ ಕೆಲವು ದಿನ ಭುಜ ಊದಿಕೊಂಡಿರುತ್ತದೆ. ಬಿಳಿ ರಕ್ತಕಣಗಳು ಅಲ್ಲಿಗೆ ಬಂದು, ಹಾಳಾದ ಜೀವಕೋಶಗಳನ್ನು ತೆಗೆದು ಶುಚಿಗೊಳಿಸುತ್ತವೆ. ಅನಂತರ ಕೊಲಾಜನ್ ಎಂಬ ಪ್ರೋಟೀನಿನ ಹೊಸ ಎಳೆಗಳು ಬೆಳೆಯುತ್ತವೆ. ಮೊದಲಿಗೆ ಇವುಗಳಿಗೆ ಬಲ ಕಡಿಮೆ. ಗಟ್ಟಿಯಾಗಲು ತಿಂಗಳುಗಳೇ ಬೇಕು. ಆದ್ದರಿಂದ ಸಾಮಾನ್ಯವಾಗಿ 4ರಿಂದ 6 ವಾರ ಕೈಯನ್ನು ಕುತ್ತಿಗೆಯಿಂದ ಇಳಿಬಿಟ್ಟ ಪಟ್ಟಿಯಲ್ಲಿ ಇಡುತ್ತಾರೆ. ಇದಕ್ಕೆ ಸ್ಲಿಂಗ್ ಎನ್ನುತ್ತಾರೆ.

ಆದರೆ ರಜ್ಜು ಗಟ್ಟಿಯಾಗುವ ಮೊದಲೇ ನೋವು ಕಡಿಮೆಯಾಗಬಹುದು. ಅಪಾಯ ಇರುವುದು ಇಲ್ಲೇ! 'ವಾಸಿಯಾಯಿತು' ಎಂದುಕೊಂಡು ನೀರಿನ ಕೊಡ ಎತ್ತಿದರೆ ರಜ್ಜು ಮತ್ತೆ ಹರಿಯಬಹುದು.

ಹಾಗೆಂದು ಇಡೀ ಕೈಯನ್ನು ಅಲುಗಿಸದೆ ಇಟ್ಟರೆ ಕೀಲುಗಳು ಬಿಗಿದುಕೊಳ್ಳುತ್ತವೆ. ಅದಕ್ಕಾಗಿ ಬೆರಳು ಮತ್ತು ಮಣಿಕಟ್ಟನ್ನು ಬೇಗನೆ ಆಡಿಸಲು ಹೇಳುತ್ತಾರೆ. ಭುಜದ ವ್ಯಾಯಾಮವನ್ನು ಮಾತ್ರ ವೈದ್ಯರು ಹೇಳಿದಾಗಲೇ ಶುರುಮಾಡಬೇಕು.

ಮನೆಯಲ್ಲಿ ಅಜ್ಜಿಗೋ ಅಪ್ಪನಿಗೋ ಇಂಥ ಚಿಕಿತ್ಸೆಯಾಗಿದ್ದರೆ ನೀವೂ ನೆರವಾಗಬಹುದು:

* ಅಂಗಿ ತೊಡಿಸುವಾಗ ನೋವಿರುವ ಕೈ ಮೊದಲು, ತೆಗೆಯುವಾಗ ಆ ಕೈ ಕೊನೆಗೆ.
* ಮಲಗುವಾಗ ಬೆನ್ನಿಗೆ ದಿಂಬುಗಳನ್ನು ಒರಗಿಸಿ ಕೊಡಿ. ಅರೆ ಕುಳಿತಂತೆ ಮಲಗಿದರೆ ಹಲವರಿಗೆ ಹಾಯೆನಿಸುತ್ತದೆ.
* ಮಂಜುಗಡ್ಡೆ ಇಡಲು ವೈದ್ಯರು ಹೇಳಿದ್ದರೆ ಬಟ್ಟೆಯಲ್ಲಿ ಸುತ್ತಿಯೇ ಇಡಿ.
* ಜ್ವರ ಬಂದರೆ, ಗಾಯದಲ್ಲಿ ಕೀವಾದರೆ ಅಥವಾ ಬೆರಳು ನೀಲಿಯಾದರೆ ತಡಮಾಡದೆ ದೊಡ್ಡವರಿಗೆ ತಿಳಿಸಿ. ವೈದ್ಯರನ್ನು ಕಾಣಬೇಕು.

ಕಸಿ ಕೂಡುವ ಮೊದಲೇ ತೋಟದವರು ಪಟ್ಟಿ ಬಿಚ್ಚುವುದಿಲ್ಲ. ಅಜ್ಜಿ ಕೊಡಕ್ಕೆ ಕೈ ಹಾಕಿದರೆ, ಈ ಮಾತನ್ನು ನೀವೇ ನೆನಪಿಸಿ!