ಸರ್ಕಾರಿ ಆಸ್ತಿ: ಕೊಳ್ಳೋದು ಸುದ್ದಿ, ಕಾಪಾಡೋದು ಯಾರ ಕೆಲಸ?

2023ರ ಆಗಸ್ಟ್‌ನಲ್ಲಿ ಸಚಿವರಿಗೆ 33 ಇನ್ನೋವಾ ಹೈಕ್ರಾಸ್ ಕಾರು ಕೊಳ್ಳಲು ರಾಜ್ಯ ಸರ್ಕಾರ 9.9 ಕೋಟಿ ರೂಪಾಯಿ ಕೊಟ್ಟಿದ್ದು ನೆನಪಿದೆಯಾ? ವಿರೋಧ ಪಕ್ಷ ಕೂಗಾಡಿತು, ಆಡಳಿತ ಪಕ್ಷ ಸಮರ್ಥಿಸಿಕೊಂಡಿತು, ಅಲ್ಲಿಗೆ ಮುಗಿಯಿತು. ಆ ಗಲಾಟೆಯಲ್ಲಿ ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಹೊಸ ಕಾರು ಬಂದಾಗ ಹಳೆಯದು ಎಲ್ಲಿಗೆ ಹೋಗುತ್ತೆ? ಹೊಸ ಕಚೇರಿ ಉದ್ಘಾಟನೆಯಾದಾಗ ಹಳೆ ಕಚೇರಿಯ ಬೀಗದ ಕೈ ಯಾರ ಹತ್ತಿರ ಇರುತ್ತೆ? ಒಂದು ಜಾಗ ‘ಹೆಚ್ಚುವರಿ’ ಅಂತ ತೀರ್ಮಾನ ಮಾಡೋದು ಯಾರು?

ಇದು ಗುಮಾಸ್ತರ ತಲೆನೋವು, ರಾಜಕೀಯ ಅಲ್ಲ ಅಂತ ಅನ್ನಿಸಬಹುದು. ಆದರೆ ಉಡುಪಿ ಜಿಲ್ಲೆಯವನಾಗಿ ಹೇಳ್ತೇನೆ, ನಮ್ಮೂರಿನ ಒಂದು ದೊಡ್ಡ ಜಗಳ ಇದೇ ಪ್ರಶ್ನೆಯಿಂದ ಹುಟ್ಟಿದ್ದು. ಅದಕ್ಕೆ ಬರುವ ಮುಂಚೆ, ಈ ವ್ಯವಸ್ಥೆ ಹೇಗೆ ನಡೆಯುತ್ತೆ ಅಂತ ನೋಡೋಣ.

ಅಂಗಳದ ಜೀಪು ಯಾಕೆ ಅಲ್ಲೇ ಇರುತ್ತೆ?

ಕೆಎ-20 ಅಂದರೆ ಉಡುಪಿ. ಅದರ ಮುಂದೆ ‘ಜಿ’ ಅಕ್ಷರ ಇದ್ದರೆ ಸರ್ಕಾರಿ ವಾಹನ. ಯಾವುದಾದರೂ ತಾಲೂಕು ಕಚೇರಿಯ ಹಿಂದುಗಡೆ ಒಮ್ಮೆ ಹೋಗಿ ನೋಡಿ. ಟೈರ್ ಇಲ್ಲದ, ಬಳ್ಳಿ ಹಬ್ಬಿದ ಒಂದು ಜೀಪು ಸಿಗುವ ಸಾಧ್ಯತೆ ಜಾಸ್ತಿ. ಅದನ್ನು ಮಾರಿ ದುಡ್ಡು ಮಾಡೋದಕ್ಕೆ ಏನು ಕಷ್ಟ?

ಕಷ್ಟ ಇರುವುದು ಕಡತದಲ್ಲಿ. ವಾಹನ ಕೆಲಸಕ್ಕೆ ಬರುವುದಿಲ್ಲ ಅಂತ ಕಚೇರಿ ಬರೆಯಬೇಕು. ತಾಂತ್ರಿಕವಾಗಿ ಪರಿಶೀಲಿಸಿದವರು ವರದಿ ಕೊಡಬೇಕು. ಬೆಲೆ ಎಷ್ಟು ಅಂತ ನಿಗದಿ ಆಗಬೇಕು. ಇಲಾಖೆಯ ಮೇಲಧಿಕಾರಿ ಒಪ್ಪಬೇಕು. ಆಮೇಲೆ ಹರಾಜು. ಇಷ್ಟೆಲ್ಲ ಮಾಡಿ ಬಂದ ಹಣ ಆ ಕಚೇರಿಗೆ ಸಿಗುತ್ತಾ? ಇಲ್ಲ. ರಾಜ್ಯದ ಇಲಾಖೆಯ ವಾಹನವಾದರೆ ಖಜಾನೆಯ ಮೂಲಕ ರಾಜ್ಯದ ಸಂಚಿತ ನಿಧಿಗೆ ಹೋಗುತ್ತೆ. ಸಂವಿಧಾನದ 266ನೇ ವಿಧಿ ಹೇಳುವುದೇ ಹಾಗೆ, ಅದು ಸರಿಯೂ ಹೌದು. ಆದರೆ ಅಧಿಕಾರಿಯ ಜಾಗದಲ್ಲಿ ನಿಂತು ಯೋಚಿಸಿ. ಮಾರಿದರೆ ತನ್ನ ಕಚೇರಿಗೆ ಲಾಭ ಇಲ್ಲ. ಬೆಲೆ ಕಮ್ಮಿ ಬಂದರೆ ‘ಯಾಕೆ ಅಗ್ಗಕ್ಕೆ ಕೊಟ್ಟಿರಿ’ ಅಂತ ಲೆಕ್ಕಪರಿಶೋಧಕರು ಆಕ್ಷೇಪಣೆ ಬರೆಯುತ್ತಾರೆ. ಸುಮ್ಮನೆ ಬಿಟ್ಟರೆ? ಜೀಪು ಮಳೆಗೆ ತುಕ್ಕು ಹಿಡಿಯುತ್ತೆ, ಅಧಿಕಾರಿ ವರ್ಗಾವಣೆ ಆಗಿ ಹೋಗುತ್ತಾರೆ. ತುಕ್ಕಿಗೆ ಯಾರ ಸಹಿಯೂ ಬೇಡ.

ಆ ಅಧಿಕಾರಿಯನ್ನು ಸೋಮಾರಿ ಅಂತ ಬೈದರೆ ಏನೂ ಬದಲಾಗುವುದಿಲ್ಲ. ನಿರ್ಧಾರ ತೆಗೆದುಕೊಂಡವರಿಗೆ ಅಪಾಯ, ತೆಗೆದುಕೊಳ್ಳದವರಿಗೆ ರಕ್ಷಣೆ. ವ್ಯವಸ್ಥೆಯನ್ನು ನಾವು ಕಟ್ಟಿಕೊಂಡಿದ್ದೇ ಹಾಗೆ.

ಈಗ ಇದಕ್ಕೊಂದು ಗಡುವು ಬಂದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 52ಎ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 15 ವರ್ಷ ತುಂಬಿದ ಸರ್ಕಾರಿ ವಾಹನದ ನೋಂದಣಿ ನವೀಕರಣ ಆಗುವುದಿಲ್ಲ. ಅದನ್ನು ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಡಬೇಕು. ಕೇಂದ್ರ, ರಾಜ್ಯ, ನಗರಸಭೆ, ಪಂಚಾಯಿತಿ, ಸಾರಿಗೆ ನಿಗಮ, ಸರ್ಕಾರಿ ಕಂಪನಿ, ಎಲ್ಲರಿಗೂ ಇದು ಅನ್ವಯ. ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ ಮತ್ತು ಆಂತರಿಕ ಭದ್ರತೆಗೆ ಬಳಸುವ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ.

ಲೆಕ್ಕ ಸುಲಭ. 2015ರಲ್ಲಿ ನೋಂದಣಿಯಾದ ಬಸ್ಸು 2030ಕ್ಕೆ ರಸ್ತೆಯಿಂದ ಇಳಿಯಬೇಕು. ಸರ್ಕಾರದ ಹೆಸರಲ್ಲಿರುವ ಆಂಬುಲೆನ್ಸಿಗೂ ಇದೇ ಲೆಕ್ಕ. ಇಳಿಯುವ ದಿನಾಂಕ 15 ವರ್ಷ ಮೊದಲೇ ಗೊತ್ತಿರುತ್ತೆ, ಆದ್ದರಿಂದ ‘ಇದ್ದಕ್ಕಿದ್ದಂತೆ ವಾಹನ ಕಡಿಮೆಯಾಯ್ತು’ ಅನ್ನೋ ಮಾತಿಗೆ ಅರ್ಥವೇ ಇಲ್ಲ. ಬದಲಿ ವಾಹನಕ್ಕೆ ಎರಡು ಮೂರು ವರ್ಷ ಮುಂಚೆ ಬಜೆಟ್‌ನಲ್ಲಿ ಹಣ ಇಡದಿದ್ದರೆ ಏಟು ಬೀಳುವುದು ಮಂತ್ರಿಗಳ ಕಾರಿಗಲ್ಲ. ಘಟ್ಟದ ಬುಡದ ಹಳ್ಳಿಯಲ್ಲಿ ಆಂಬುಲೆನ್ಸಿಗೆ ಕಾಯುವವರಿಗೆ, ನರ್ಮ್ ಬಸ್ಸಿಗೆ ಕಾಯುವ ವಿದ್ಯಾರ್ಥಿಗಳಿಗೆ.

ಇಲ್ಲೊಂದು ಮಾತು ಸ್ಪಷ್ಟ ಮಾಡಬೇಕು. ಪೊಲೀಸ್ ಠಾಣೆ ಮುಂದೆ ರಾಶಿ ಬಿದ್ದಿರುವ ಬೈಕು, ಟಿಪ್ಪರುಗಳು ಬಹುತೇಕ ಸರ್ಕಾರದ್ದಲ್ಲ. ಅವು ಪ್ರಕರಣಗಳಲ್ಲಿ ವಶಪಡಿಸಿಕೊಂಡಂಥವು, ವಿಲೇವಾರಿಗೆ ಕೋರ್ಟಿನ ಆದೇಶ ಬೇಕು. ಅವನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಸಬೇಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ದಿನಗಳ ಲೆಕ್ಕವನ್ನೇ ಕೊಟ್ಟಿದೆ. ನ್ಯಾಯಾಲಯ 14 ದಿನದಲ್ಲಿ ವಸ್ತುವಿನ ವಿವರಪಟ್ಟಿ ಮಾಡಬೇಕು, ನಂತರದ 30 ದಿನದಲ್ಲಿ ವಿಲೇವಾರಿ ಬಗ್ಗೆ ಆದೇಶಿಸಬೇಕು.

ಹೊಸದಕ್ಕೆ ನಾಮಫಲಕ, ಹಳೆಯದಕ್ಕೆ ಪಾಚಿ

ಕಟ್ಟಡದ ಕಥೆ ಅರ್ಥ ಆಗಬೇಕಾದರೆ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ: 4059 ಮತ್ತು 2059. ಇವು ಬಜೆಟ್ ಪುಸ್ತಕದ ಲೆಕ್ಕ ಶೀರ್ಷಿಕೆಗಳು. ಕಚೇರಿ ಕಟ್ಟಡಗಳನ್ನು ಹೊಸದಾಗಿ ಕಟ್ಟುವ ಹಣ ಮುಖ್ಯವಾಗಿ 4059ರಲ್ಲಿ ಬರುತ್ತೆ, ಅದು ಬಂಡವಾಳ ವೆಚ್ಚ. ಇರುವುದನ್ನು ನೋಡಿಕೊಳ್ಳುವ ಹಣ 2059ರಲ್ಲಿ, ಅದು ರಾಜಸ್ವ ವೆಚ್ಚ. ಮೊದಲನೆಯದರಲ್ಲಿ ಶಂಕುಸ್ಥಾಪನೆ ಉಂಟು, ಉದ್ಘಾಟನೆ ಉಂಟು, ಶಾಸಕರ ಹೆಸರಿನ ಕಲ್ಲು ಉಂಟು. ಎರಡನೆಯದರಲ್ಲಿ ಚರಂಡಿ ಕ್ಲೀನು, ಸೋರುವ ಮಾಡು. ಯಾರಾದರೂ ಸೋರಿಕೆ ನಿಂತಿದ್ದನ್ನು ಟೇಪು ಕತ್ತರಿಸಿ ಉದ್ಘಾಟನೆ ಮಾಡಿದ್ದನ್ನು ನೋಡಿದ್ದೀರಾ ಮಾರಾಯ್ರೆ?

ನಮ್ಮ ಕರಾವಳಿಯಲ್ಲಿ ಈ ತಾರತಮ್ಯಕ್ಕೆ ಬೆಲೆ ಜಾಸ್ತಿ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಹಳೆಯ ಶಾಲೆ, ಕಚೇರಿಗಳಲ್ಲಿ ಹಂಚಿನ ಮಾಡು. ಮೇ ತಿಂಗಳಲ್ಲಿ ಒಡೆದ ಹಂಚು ಬದಲಾಯಿಸಿದರೆ ಖರ್ಚು ಸಾವಿರದ ಲೆಕ್ಕದಲ್ಲಿ ಮುಗಿಯುತ್ತೆ. ಬಿಟ್ಟರೆ ನೀರು ರೀಪಿಗೆ, ಪಕ್ಕಾಸಿಗೆ, ಆಮೇಲೆ ಗೋಡೆಗೆ ಇಳಿಯುತ್ತೆ. ಕೆಲವೇ ಮಳೆಗಾಲ ಕಳೆದರೆ ‘ಶಿಥಿಲ’ ಅಂತ ವರದಿ, ನಂತರ ನೆಲಸಮ, ನಂತರ ಕೋಟಿಯ ಹೊಸ ಪ್ರಸ್ತಾವನೆ. ಕಾಂಕ್ರೀಟ್ ಕಟ್ಟಡವೂ ಪಾರಾಗುವುದಿಲ್ಲ. ಸಮುದ್ರದ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಸಿಮೆಂಟು ಚಕ್ಕೆ ಚಕ್ಕೆಯಾಗಿ ಬೀಳುತ್ತೆ.

ಇದರ ಮೇಲೆ ಒಡೆತನದ ಗೊಂದಲ. ಕಟ್ಟಿದ್ದು ಲೋಕೋಪಯೋಗಿ ಇಲಾಖೆಯೋ, ನಿರ್ಮಿತಿ ಕೇಂದ್ರವೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ. ಒಳಗೆ ಕೂತಿರೋದು ಬೇರೆ ಇಲಾಖೆ. ರಿಪೇರಿಯ ಅನುದಾನ ಮೂರನೆಯವರ ಕೈಯಲ್ಲಿ. ನಲ್ಲಿ ಸೋರಿದರೆ ಪತ್ರ ಮೂರು ಕಡೆ ಸುತ್ತುತ್ತೆ.

ಇದರ ನಡುವೆ ಜಿಲ್ಲೆಯಲ್ಲಿ ಕಚೇರಿಗಳು ಹೆಚ್ಚುತ್ತಾ ಬಂದವು. 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಬೇರೆಯಾದಾಗ ಉಡುಪಿಗೆ ಇದ್ದದ್ದು ಮೂರು ತಾಲೂಕು: ಉಡುಪಿ, ಕುಂದಾಪುರ, ಕಾರ್ಕಳ. ಜಿಲ್ಲಾಡಳಿತ ಮಣಿಪಾಲದ ರಜತಾದ್ರಿ ಸಂಕೀರ್ಣಕ್ಕೆ ಬಂತು. ಮುಂದೆ ಹೊಸ ತಾಲೂಕುಗಳ ಘೋಷಣೆಯಾಗಿ ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಸೇರಿದವು. ಪ್ರತಿ ತಾಲೂಕಿಗೂ ಆಡಳಿತ ಕಟ್ಟಡ ಬೇಕು, ವಾಹನ ಬೇಕು, ನ್ಯಾಯವೇ. ಆದರೆ ಸರ್ಕಾರಗಳು ಹೆಚ್ಚು ತಲೆಕೆಡಿಸಿಕೊಂಡಿದ್ದು ಹೆಸರಿನ ಬಗ್ಗೆ. ‘ಮಿನಿ ವಿಧಾನಸೌಧ’ ಇದ್ದದ್ದು ಒಂದು ಸರ್ಕಾರದಲ್ಲಿ ‘ತಾಲೂಕು ಆಡಳಿತ ಸೌಧ’ ಆಯ್ತು, ಮುಂದಿನದರಲ್ಲಿ ‘ಪ್ರಜಾಸೌಧ’ ಆಯ್ತು. ಬೋರ್ಡು ಬದಲಾದಷ್ಟು ಬೇಗ ಶೌಚಾಲಯದ ಬಾಗಿಲು ಬದಲಾದರೆ ಎಷ್ಟು ಚೆನ್ನಾಗಿತ್ತು.

ಹಾಗಂತ ಕರಾವಳಿಯಲ್ಲಿ ಸರ್ಕಾರಿ ಕಟ್ಟಡ ಉಳಿಯುವುದೇ ಇಲ್ಲ ಅಂತಲ್ಲ. ಕಾಪುವಿನ ದೀಪಸ್ತಂಭ ನೋಡಿ. 1901ರದ್ದು, ಅಲೆ ಬಂದು ಹೊಡೆಯುವ ಬಂಡೆಯ ಮೇಲೆ ನಿಂತಿದೆ, ಇವತ್ತಿಗೂ ದೀಪ ಉರಿಯುತ್ತೆ. ಅದನ್ನು ನೋಡಿಕೊಳ್ಳುವುದು ಕೇಂದ್ರದ ದೀಪಸ್ತಂಭ ನಿರ್ದೇಶನಾಲಯ, ಅದಕ್ಕೆ ಇರುವುದು ಅದೇ ಕೆಲಸ. ಯಾರ ಹೊಣೆ ಅನ್ನುವುದರಲ್ಲಿ ಗೊಂದಲ ಇಲ್ಲ, ದೀಪ ಆರಿದರೆ ಅದೇ ರಾತ್ರಿ ಗೊತ್ತಾಗುತ್ತೆ. ಉಪ್ಪುಗಾಳಿ ಅದಕ್ಕೂ ಬಡಿಯುತ್ತೆ, ವ್ಯತ್ಯಾಸ ಹೊಣೆಗಾರಿಕೆಯಲ್ಲಿದೆ.

‘ಹೆಚ್ಚುವರಿ’ ಅನ್ನೋ ಪದ

ಇನ್ನು ನಾನು ಹೇಳಿದ ಜಗಳ. ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯ ದಾನಿ. 1906ರಲ್ಲಿ ಶುರುವಾಗಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯ ಸ್ಥಾಪಕರು. ಊರಿನವರ ಆಸ್ಪತ್ರೆಗೆ ಅಂತ ಅವರು ಕೊಟ್ಟ ಜಾಗದಲ್ಲಿ ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ನಡೆಯುತ್ತಿತ್ತು. ಪೇಟೆಯ ನಡುವಿನ ಜಾಗ, ಬೆಲೆ ಕಟ್ಟಲಾಗದ್ದು.

2016ರಲ್ಲಿ ರಾಜ್ಯ ಸರ್ಕಾರ ಉದ್ಯಮಿ ಬಿ.ಆರ್. ಶೆಟ್ಟಿಯವರ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಶೆಟ್ಟರು ಕಾಪು ಮೂಲದವರು, ಅಬುಧಾಬಿಯಲ್ಲಿ ಆಸ್ಪತ್ರೆ ಸಾಮ್ರಾಜ್ಯ ಕಟ್ಟಿದವರು. ಸಂಸ್ಥೆ 200 ಹಾಸಿಗೆಯ ತಾಯಿ-ಮಕ್ಕಳ ಆಸ್ಪತ್ರೆಯನ್ನು ಕಟ್ಟಿ ಉಚಿತವಾಗಿ ನಡೆಸಬೇಕು, ಪ್ರತಿಯಾಗಿ ದೀರ್ಘಾವಧಿ ಗುತ್ತಿಗೆಯ ಜಾಗದಲ್ಲಿ 400 ಹಾಸಿಗೆಯ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ತನಗಾಗಿ ಕಟ್ಟಿಕೊಳ್ಳಬಹುದು. ಸರ್ಕಾರಿ ಆಸ್ಪತ್ರೆಯನ್ನು ಖಾಸಗಿಗೆ ಕೊಡಬೇಡಿ ಅಂತ ಊರಲ್ಲಿ ಪ್ರತಿಭಟನೆ ನಡೆಯಿತು. ‘ನಿಮ್ಮೂರಿಗೆ ಒಳ್ಳೇದಾಗ್ತಿದೆ, ಯಾಕೆ ಅಡ್ಡ ಬರ್ತೀರಿ?’ ಅಂತ ಕೇಳಿದವರೂ ಇದ್ದರು.

2017ರ ನವೆಂಬರ್‌ನಲ್ಲಿ ಉಚಿತ ಆಸ್ಪತ್ರೆ ಬಾಗಿಲು ತೆರೆಯಿತು. ಒಪ್ಪಿಕೊಳ್ಳೋಣ, ಅದು ದೊಡ್ಡ ಅನುಕೂಲವೇ, ಬಡ ಕುಟುಂಬಗಳ ಹೆರಿಗೆಗೆ ಸುಸಜ್ಜಿತ ಕಟ್ಟಡ ಸಿಕ್ಕಿತು. ಆದರೆ 2020ರಲ್ಲಿ ಶೆಟ್ಟರು ಸ್ಥಾಪಿಸಿದ ಎನ್‌ಎಂಸಿ ಹೆಲ್ತ್ ಕಂಪನಿಯಲ್ಲಿ ಲೆಕ್ಕದಲ್ಲಿ ತೋರಿಸದ ಭಾರೀ ಸಾಲ ಬಯಲಾಯಿತು. ಏಪ್ರಿಲ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಆಡಳಿತಾಧಿಕಾರಿಗಳನ್ನು ನೇಮಿಸಿತು. ಸಾವಿರಾರು ಮೈಲಿ ದೂರದ ಆ ಕುಸಿತ ಉಡುಪಿಯ ಹೆರಿಗೆ ವಾರ್ಡಿಗೆ ಬಂದು ಮುಟ್ಟಿತು. 2021ರಲ್ಲಿ ಸಂಬಳ ಸಿಗದ ಸಿಬ್ಬಂದಿ ಮುಷ್ಕರಕ್ಕೆ ಕೂತರು. 2022ರಲ್ಲಿ ಸರ್ಕಾರ ಆಸ್ಪತ್ರೆಯನ್ನು ವಾಪಸ್ ತೆಗೆದುಕೊಂಡಿತು. 400 ಹಾಸಿಗೆಯ ಆಸ್ಪತ್ರೆ ಎದ್ದು ನಿಲ್ಲಲೇ ಇಲ್ಲ.

ಇದನ್ನು ಒಂದು ಪಕ್ಷದ ತಲೆಗೆ ಕಟ್ಟಿ ಮುಗಿಸಬಹುದಿತ್ತು. ಒಪ್ಪಂದ ಮಾಡಿದ್ದು ಕಾಂಗ್ರೆಸ್ ಸರ್ಕಾರ, ವಾಪಸ್ ಪಡೆದದ್ದು ಬಿಜೆಪಿ ಸರ್ಕಾರ. ನನಗೆ ಮುಖ್ಯ ಅನ್ನಿಸುವುದು ಬೇರೆ. ಪೇಟೆ ನಡುವಿನ ಆಸ್ಪತ್ರೆ ಜಾಗ ಬಿಟ್ಟುಕೊಡಬಹುದಾದದ್ದು ಅಂತ ಸರ್ಕಾರಕ್ಕೆ ಅನ್ನಿಸಿದ್ದು ಯಾವ ಪಟ್ಟಿ ನೋಡಿ? ಜಿಲ್ಲೆಗೆ ಮುಂದಿನ 30 ವರ್ಷಕ್ಕೆ ಎಷ್ಟು ಹಾಸಿಗೆ ಬೇಕು, ಅದಕ್ಕೆ ಬೇರೆ ಎಲ್ಲಿ ಜಾಗ ಇದೆ ಅನ್ನುವ ಲೆಕ್ಕ ಜನರ ಮುಂದೆ ಇಟ್ಟರಾ? ಒಪ್ಪಂದ ಮಾಡಿಕೊಂಡ ಸಂಸ್ಥೆ ಮುಳುಗಿದರೆ ಮರುದಿನ ಬೆಳಿಗ್ಗೆ ನರ್ಸಿಗೆ ಸಂಬಳ ಕೊಡುವವರು ಯಾರು ಅಂತ ಬರೆದಿಟ್ಟಿದ್ದರಾ? ನೋಡಿಕೊಳ್ಳಲಾಗದ ಆಸ್ತಿ ಮೊದಲು ಹಾಳಾಗುತ್ತೆ, ಆಮೇಲೆ ‘ಬಳಕೆಯಲ್ಲಿಲ್ಲ’ ಅನ್ನಿಸಿಕೊಳ್ಳುತ್ತೆ, ಕೊನೆಗೆ ಯಾರದ್ದೋ ಆಗುತ್ತೆ. ಹಂಚು ಬದಲಾಯಿಸದೇ ಇರುವುದಕ್ಕೂ ಜಾಗ ಕೈತಪ್ಪುವುದಕ್ಕೂ ನಂಟು ಉಂಟು.

ಮಾರಲೇಬಾರದಾ?

ಹಾಗಲ್ಲ. ಬಳಸದ ಕ್ವಾರ್ಟರ್ಸ್, ಓಡದ ಜೀಪು ಇಟ್ಟುಕೊಳ್ಳುವುದೂ ಜನರ ದುಡ್ಡಿನ ಪೋಲೇ. 2021ರಲ್ಲಿ ಕೇಂದ್ರ ಸರ್ಕಾರ 6 ಲಕ್ಷ ಕೋಟಿ ರೂಪಾಯಿ ಗುರಿಯ ರಾಷ್ಟ್ರೀಯ ನಗದೀಕರಣ ಯೋಜನೆ ಪ್ರಕಟಿಸಿತು, ಮರುವರ್ಷ ಹೆಚ್ಚುವರಿ ಭೂಮಿಗೆಂದೇ ಒಂದು ನಿಗಮಕ್ಕೆ ಒಪ್ಪಿಗೆ ಕೊಟ್ಟಿತು. 2024ರಲ್ಲಿ ಕರ್ನಾಟಕವೂ ಆದಾಯದ ದಾರಿ ಹುಡುಕಲು ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಮೊರೆಹೋಗಿದ್ದು ಚರ್ಚೆಯಾಯ್ತು. ಸಮಸ್ಯೆ ಇರುವುದು ಕ್ರಮದಲ್ಲಿ. ಮೊದಲು ಎಣಿಕೆ, ಆಮೇಲೆ ಅಗತ್ಯದ ಲೆಕ್ಕ, ಅದಾದ ಮೇಲೆ ಮಾರಾಟದ ಮಾತು.

ಎಣಿಸುವುದು ಅಸಾಧ್ಯವೇನಲ್ಲ. ಕಂದಾಯ ಇಲಾಖೆ ‘ಲ್ಯಾಂಡ್ ಬೀಟ್’ ಆ್ಯಪ್ ಮೂಲಕ ಗ್ರಾಮ ಆಡಳಿತಾಧಿಕಾರಿಗಳನ್ನು ಸರ್ಕಾರಿ ಜಮೀನಿನ ಬಳಿಗೇ ಕಳಿಸಿ ದಾಖಲೆ ಮಾಡಿಸುತ್ತಿದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಸ್ಥಿರಾಸ್ತಿಯನ್ನು ವರ್ಷಕ್ಕೊಮ್ಮೆಯಾದರೂ ಖುದ್ದಾಗಿ ಪರಿಶೀಲಿಸಿ ಅನ್ನುತ್ತವೆ. 2 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಹೆಚ್ಚುವರಿ ಸರಕನ್ನು ಟೆಂಡರ್ ಅಥವಾ ಬಹಿರಂಗ ಹರಾಜಿನಲ್ಲೇ ಮಾರಿ ಅನ್ನುತ್ತವೆ. ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇದೆ, ಆದರೆ ಅದು ಸರ್ಕಾರ ಕೊಳ್ಳುವುದಕ್ಕೆ. ಬಿಟ್ಟುಕೊಡುವುದಕ್ಕೂ ಅಷ್ಟೇ ಬಿಗಿಯಾದ, ಎಲ್ಲರಿಗೂ ಕಾಣುವ ಕಾನೂನು ಬೇಕು. ಜಾಗಕ್ಕೆ, ಕಟ್ಟಡಕ್ಕೆ, ವಾಹನಕ್ಕೆ ಒಂದೇ ಸಾರ್ವಜನಿಕ ಪಟ್ಟಿ, ಪ್ರತಿ ಸಾಲಿನ ಮುಂದೆ ಒಬ್ಬ ಹೊಣೆಗಾರ ಅಧಿಕಾರಿಯ ಹುದ್ದೆ.

ನೀವೇ ಕೇಳಬಹುದು

ಇದಕ್ಕೆ ಚುನಾವಣೆವರೆಗೆ ಕಾಯಬೇಕಿಲ್ಲ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ಆದ್ದರಿಂದ ಮೂರು ಪ್ರಶ್ನೆಗೆ ಮೂರು ಅರ್ಜಿ ಹಾಕಿ.

ಒಂದು: ನಿಮ್ಮ ಪುರಸಭೆ ಅಥವಾ ತಾಲೂಕು ಕಚೇರಿಯ ಹೆಸರಲ್ಲಿರುವ ಎಲ್ಲ ವಾಹನಗಳ ನೋಂದಣಿ ಸಂಖ್ಯೆ, ನೋಂದಣಿ ದಿನಾಂಕ, ಈಗಿನ ಸ್ಥಿತಿ. ಎರಡು: ಕಳೆದ ಮೂರು ವರ್ಷದಲ್ಲಿ ಆ ಕಚೇರಿಯ ಕಟ್ಟಡ ದುರಸ್ತಿಗೆ ಬಂದ ಮತ್ತು ಖರ್ಚಾದ ಹಣ. ಮೂರು: ಬಳಕೆಯಲ್ಲಿಲ್ಲದ ಕಟ್ಟಡ, ಮಳಿಗೆ, ನಿವೇಶನಗಳ ಪಟ್ಟಿ, ಗುತ್ತಿಗೆಗೆ ಕೊಟ್ಟಿದ್ದರೆ ಯಾರಿಗೆ, ಎಷ್ಟು ವರ್ಷಕ್ಕೆ, ಎಷ್ಟು ಬಾಡಿಗೆಗೆ.

ಉತ್ತರ ಬರದಿದ್ದರೆ ಮೊದಲ ಮೇಲ್ಮನವಿಗೆ 30 ದಿನ ಇರುತ್ತೆ. ‘ಪಟ್ಟಿ ಲಭ್ಯವಿಲ್ಲ’ ಅಂತ ಬಂದರೆ ಅದನ್ನೂ ಜೋಪಾನ ಮಾಡಿ. ಪಟ್ಟಿಯೇ ಇಲ್ಲದ ಕಚೇರಿ ನಾಳೆ ಒಂದು ಜಾಗವನ್ನು ‘ಹೆಚ್ಚುವರಿ’ ಅಂದಾಗ, ಅದೇ ಕಾಗದ ಹಿಡಿದು ಕೇಳಬಹುದು: ನಿಮ್ಮ ಹತ್ತಿರ ಇರೋದು ಎಷ್ಟು ಅಂತಲೇ ಗೊತ್ತಿಲ್ಲದಿದ್ದ ಮೇಲೆ, ಇದು ಹೆಚ್ಚಾಗಿದ್ದು ಹೇಗೆ?