ಕಪ್ಪು ಕಾರು ಸೋತದ್ದು ಏಕೆ?

ಕೈಯಲ್ಲಿರುವ ಮೊಬೈಲ್ ಫೋನು ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಅಷ್ಟರಲ್ಲಿ ಅದೇ ಕಂಪನಿಯ ಹೊಸ ಫೋನು ಬರುತ್ತದೆ. ಅಂಚು ಕೊಂಚ ದುಂಡಗಾಗಿದೆ, ಬೆನ್ನಿಗೆ ಹೊಸ ಬಣ್ಣ ಬಂದಿದೆ. ನಿನ್ನೆಯವರೆಗೆ ಚೆಂದವಾಗಿದ್ದ ವಸ್ತು ಇದ್ದಕ್ಕಿದ್ದಂತೆ ಹಳತಾಗಿ ಕಾಣತೊಡಗುತ್ತದೆ. ಅದು ಕೆಟ್ಟಿಲ್ಲ, ಸವೆದೂ ಇಲ್ಲ. ಬದಲಾದದ್ದು ನಮ್ಮ ಕಣ್ಣು. ಗ್ರಾಹಕನ ಕಣ್ಣನ್ನು ಹೀಗೆ ಬದಲಾಯಿಸುವ ವಿದ್ಯೆ ಒಂದು ಉದ್ಯಮವಾಗಿ ಬೆಳೆದ ಬಗೆಯನ್ನು ಅರಿಯಬೇಕಾದರೆ ನೂರು ವರ್ಷಗಳ ಹಿಂದಿನ ಅಮೆರಿಕದ ಡೆಟ್ರಾಯಿಟ್ ನಗರವನ್ನು ನೋಡಬೇಕು.

ಹೆನ್ರಿ ಫೋರ್ಡ್ ತನ್ನ ‘ಮಾಡೆಲ್ ಟಿ’ ಕಾರನ್ನು 1908ರಲ್ಲಿ ಮಾರುಕಟ್ಟೆಗೆ ತಂದ. ರೈತನ ಕೆಸರು ಹಾದಿಯಲ್ಲೂ ಓಡುವ, ರಿಪೇರಿಗೆ ಸುಲಭವಾದ ಗಟ್ಟಿಮುಟ್ಟಾದ ಗಾಡಿ ಅದು. ಮೊದಲಿಗೆ 850 ಡಾಲರ್ ಇದ್ದ ಅದರ ಬೆಲೆ 1920ರ ದಶಕದ ನಡುವಿನ ಹೊತ್ತಿಗೆ 300 ಡಾಲರಿಗಿಂತ ಕೆಳಗಿಳಿದಿತ್ತು. ಇದರ ಗುಟ್ಟು ಒಂದೇ: ಎಲ್ಲ ಕಾರುಗಳೂ ಒಂದೇ ರೀತಿ ಇರಬೇಕು. ಬಣ್ಣವೂ ಅಷ್ಟೇ. 1914ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕಾರು ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. ಒಂದೇ ಬಣ್ಣವಾದರೆ ಕೆಲಸವೂ ಬೇಗ, ಖರ್ಚೂ ಕಡಿಮೆ.

ಪ್ರತಿಸ್ಪರ್ಧಿಯಾದ ಜನರಲ್ ಮೋಟರ್ಸ್ ಕಂಪನಿಗೆ ಬೆಲೆಯಲ್ಲಿ ಫೋರ್ಡನನ್ನು ಸೋಲಿಸುವುದು ಸಾಧ್ಯವಿರಲಿಲ್ಲ. 1923ರಲ್ಲಿ ಅದರ ಅಧ್ಯಕ್ಷನಾದ ಆಲ್ಫ್ರೆಡ್ ಸ್ಲೋನ್ ಬೇರೆ ದಾರಿ ಹಿಡಿದ. ಅದೇ ಸಮಯಕ್ಕೆ ಡ್ಯೂಪಾಂಟ್ ಕಂಪನಿಯ ‘ಡ್ಯೂಕೊ’ ಎಂಬ ಹೊಸ ಬಗೆಯ ಬಣ್ಣ ಕೈಗೆ ಬಂತು. ಹಿಂದಿನ ಬಣ್ಣಗಳು ಪದರ ಪದರವಾಗಿ ಒಣಗಲು ವಾರಗಟ್ಟಲೆ ಹಿಡಿಯುತ್ತಿದ್ದವು; ಇದಕ್ಕೆ ಕೆಲವೇ ಗಂಟೆ ಸಾಕು. 1924ರ ಮಾದರಿಯ ಓಕ್‌ಲೆಂಡ್ ಕಾರುಗಳು ನೀಲಿ ಬಣ್ಣ ತೊಟ್ಟು ಬೀದಿಗಿಳಿದವು. ಕಪ್ಪು ಕಾರುಗಳ ಸಾಲಿನ ನಡುವೆ ಆ ನೀಲಿ ಎಷ್ಟು ಎದ್ದು ಕಂಡಿರಬೇಕು, ಊಹಿಸಿ.

1927ರಲ್ಲಿ ಸ್ಲೋನ್ ‘ಕಲೆ ಮತ್ತು ಬಣ್ಣ’ಕ್ಕೆಂದೇ ಒಂದು ವಿಭಾಗ ತೆರೆದ. ಹಾಲಿವುಡ್ ತಾರೆಯರ ಕಾರುಗಳಿಗೆ ಮೆರುಗು ಕೊಡುತ್ತಿದ್ದ ಹಾರ್ಲೆ ಅರ್ಲ್ ಅದರ ಮುಖ್ಯಸ್ಥನಾದ. ಆತ ಜೇಡಿಮಣ್ಣಿನಲ್ಲಿ ಕಾರಿನ ಆಕಾರಗಳನ್ನು ತಿದ್ದಿ ತೀಡಿ ರೂಪಿಸುತ್ತಿದ್ದ. ಅದೇ ವರ್ಷದ ಮೇ ತಿಂಗಳಲ್ಲಿ, ಸುಮಾರು ಒಂದೂವರೆ ಕೋಟಿ ಕಾರುಗಳು ತಯಾರಾದ ಮೇಲೆ, ಮಾಡೆಲ್ ಟಿ ನಿಂತುಹೋಯಿತು. ಬಣ್ಣವೊಂದೇ ಅದನ್ನು ಸೋಲಿಸಿತು ಎನ್ನಲಾಗದು. ಇತರರ ಕಾರುಗಳು ತಾಂತ್ರಿಕವಾಗಿಯೂ ಮುಂದೆ ಸಾಗಿದ್ದವು. ಜೊತೆಗೆ ಜನರಲ್ ಮೋಟರ್ಸ್ 1919ರಿಂದಲೇ ಕಂತಿನ ಸಾಲ ಕೊಡುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತಿಗೆ ಅಂಗಡಿಯವನು ಹಾಸಿಗೆಯನ್ನೇ ಸಾಲ ಕೊಟ್ಟು ಉತ್ತರ ಹೇಳಿದಂತಾಯಿತು.

ವರ್ಷಕ್ಕೊಂದು ಹೊಸ ರೂಪ ಎಂಬುದು ಕ್ರಮೇಣ ವಾಡಿಕೆಯಾಯಿತು. ಗ್ರಾಹಕನನ್ನು ಸದಾ ಅತೃಪ್ತನಾಗಿ ಇಡಬೇಕು ಎಂದು ಅದೇ ಕಂಪನಿಯ ಸಂಶೋಧನಾ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ 1929ರಲ್ಲಿ ಮುಚ್ಚುಮರೆಯಿಲ್ಲದೆ ಬರೆದ. 1948ರ ಕ್ಯಾಡಿಲಾಕ್ ಕಾರಿನ ಹಿಂಬದಿಯಲ್ಲಿ ಯುದ್ಧವಿಮಾನದ ಬಾಲವನ್ನು ನೆನಪಿಸುವ ರೆಕ್ಕೆಗಳು ಮೂಡಿದವು. 1959ರ ವೇಳೆಗೆ ಅವು ಚೂಪಾಗಿ ಮುಗಿಲಿಗೆ ಮುಖ ಮಾಡಿದ್ದವು. ಕಾರು ಹಾರಲಿಲ್ಲ, ಹಳೆಯ ಕಾರಿನ ಯಜಮಾನನಿಗೆ ಮಾತ್ರ ತನ್ನ ಗಾಡಿ ಮಂಕಾಗಿ ಕಂಡಿತು.

ಹಾಗಾದರೆ ರೂಪ ಬದಲಾಗದಿರುವುದೇ ಮೇಲೇ? ನಮ್ಮ ಅಂಬಾಸಿಡರ್ ಕಾರನ್ನು ನೋಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಬಂದ ಅದು 1958ರಿಂದ 2014ರವರೆಗೆ ಹೆಚ್ಚುಕಡಿಮೆ ಒಂದೇ ಮೈಕಟ್ಟಿನಲ್ಲಿ ಉಳಿಯಿತು. ಇದು ತಯಾರಕರ ಸರಳ ಜೀವನದ ವ್ರತವೇನೂ ಅಲ್ಲ. ಲೈಸೆನ್ಸ್ ಕಾಲದಲ್ಲಿ ಕಾರು ತಯಾರಕರು ಬೆರಳೆಣಿಕೆಯಷ್ಟು. ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಗ್ರಾಹಕನ ಕಣ್ಣನ್ನು ಮೆಚ್ಚಿಸುವ ಅಗತ್ಯ ಯಾರಿಗೂ ಇರಲಿಲ್ಲ. 1983ರಲ್ಲಿ ಪುಟ್ಟ ಮಾರುತಿ ಬಂದ ಮೇಲೆಯೇ ಆಯ್ಕೆ ಎಂಬುದರ ರುಚಿ ತಿಳಿದದ್ದು. ಆಯ್ಕೆ ಇಲ್ಲದ ಕಡೆ ಅಂದಕ್ಕೆ ಅಸಡ್ಡೆ. ಆಯ್ಕೆ ಮಿತಿಮೀರಿದ ಕಡೆ ಅಂದವೇ ಗಾಳ.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ವರದಿಯೊಂದನ್ನು ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಲು ಅದೇ ಪ್ರೇರಣೆ. ಈ ದೇಶದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲಿ ಅವರು ಎತ್ತಿ ಹೇಳಿದ್ದು ಲೋಟಾವನ್ನು, ಅಂದರೆ ನಮ್ಮ ಮನೆಮನೆಯ ಚೊಂಬನ್ನು. ಕಂಠ ಹಿಡಿದರೆ ಬೆರಳು ಜಾರದು, ಬಾಗಿಸಿದರೆ ನೀರು ಚೆಲ್ಲದು, ಸೊಂಟದ ಮೇಲೂ ತಲೆಯ ಮೇಲೂ ಕೂರುತ್ತದೆ. ಅದನ್ನು ರೂಪಿಸಿದ್ದು ಒಬ್ಬನಲ್ಲ, ಬಳಸಿದ ತಲೆಮಾರುಗಳು.

ಅಂದಕ್ಕೆ ಹಣ ಕೊಡುವುದು ತಪ್ಪಲ್ಲ. ಮನುಷ್ಯ ಹೊಸ್ತಿಲಿಗೂ ರಂಗೋಲಿ ಬಿಡಿಸುವವನು. ಆದರೆ ಕೆಡದ ವಸ್ತುವನ್ನು ಬಿಸಾಡಿದಾಗ ಅದರೊಂದಿಗೆ ಲೋಹ, ನೀರು, ಯಾರದೋ ದುಡಿಮೆ ಎಲ್ಲವೂ ಕಸದ ರಾಶಿ ಸೇರುತ್ತವೆ. ಆದ್ದರಿಂದ ಹೊಸತೊಂದು ಕಣ್ಸೆಳೆದಾಗ ಕೇಳಿಕೊಳ್ಳಬಹುದಾದ ಪ್ರಶ್ನೆ ಇಷ್ಟೇ: ಈ ಚೆಲುವು ನನ್ನ ಕೈಕೆಲಸವನ್ನು ಹಗುರ ಮಾಡುತ್ತದೆಯೋ, ಅಥವಾ ಮನೆಯಲ್ಲಿರುವುದನ್ನು ಹಳತು ಮಾಡುತ್ತದೆಯೋ?