ಸೋರಿಯಾಸಿಸ್‌ಗೆ ಯಾವ ಬೆಳಕು?

ಖಾನಾಪುರ ತಾಲ್ಲೂಕಿನ ಬೀಡಿಯಲ್ಲಿ ಸೋರಿಯಾಸಿಸ್ ರೋಗಿಯೊಬ್ಬರು ಮಟಮಟ ಮಧ್ಯಾಹ್ನ ಬಿಸಿಲಿಗೆ ಬೆನ್ನೊಡ್ಡಿದ್ದಾರೆ ಎಂದುಕೊಳ್ಳಿ. ವಾಸಿಮಾಡುವ ಕಿರಣ ಆ ಬಿಸಿಲಿನಲ್ಲಿದೆ, ನಿಜ. ಸುಡುವ ಕಿರಣವೂ ಜೊತೆಗಿದೆ. ಇವೆರಡನ್ನು ಬೇರ್ಪಡಿಸಿ ತೋರಿಸಿದ್ದು ಪ್ಯಾರಿಶ್ ಮತ್ತು ಜೇನಿಕೆಯವರ 1981ರ ಅಧ್ಯಯನ. ಒಬ್ಬನೇ ರೋಗಿಯ ಬೇರೆ ಬೇರೆ ಕಲೆಗಳ ಮೇಲೆ ಬೇರೆ ಬೇರೆ ತರಂಗಾಂತರದ ಅತಿನೇರಳೆ ಕಿರಣ ಬಿಟ್ಟರು. ವಯಸ್ಸು, ಆಹಾರ, ಅನುವಂಶೀಯತೆ ಎಲ್ಲವೂ ಒಂದೇ. ಬದಲಾದದ್ದು ತರಂಗಾಂತರ ಮಾತ್ರ. ಎಷ್ಟು ಅಚ್ಚುಕಟ್ಟಾದ ಹೋಲಿಕೆ! 290 ನ್ಯಾನೋಮೀಟರ್ ಹಾಗೂ ಅದಕ್ಕಿಂತ ಕಿರಿದಾದ ತರಂಗಗಳು ಚರ್ಮವನ್ನು ಕೆಂಪಾಗಿಸಿದವೇ ಹೊರತು ಕಲೆ ಅಳಿಸಲಿಲ್ಲ. 313ರಲ್ಲಿ ಚರ್ಮ ಕೆಂಪಾಗದೆಯೇ ಗುಣ ಕಂಡಿತು. ಕಾರಣ ಗಮನಿಸಿ: 298ರಿಂದ 311ಕ್ಕೆ ಬಂದರೆ ಸುಡುವ ಸಾಮರ್ಥ್ಯ ಸುಮಾರು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ, ವಾಸಿಮಾಡುವ ಗುಣ ಅಷ್ಟು ಕುಸಿಯುವುದಿಲ್ಲ. ಚರ್ಮವೈದ್ಯರು ಈಗ ಬಳಸುವ ದೀಪ 311 ನ್ಯಾನೋಮೀಟರಿನದು. ಅದರ ಪ್ರಮಾಣವನ್ನೂ ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಜೌಲ್ ಎಂದು ಅಳೆದೇ ಕೊಡುತ್ತಾರೆ.